ಗಾಯ ಒಣಗಬೇಕೇ, ಮಾಯಬೇಕೇ?

ಆಟದ ಬಯಲಿನಲ್ಲಿ ಬಿದ್ದು ಮಂಡಿ ತರಚಿಕೊಂಡವರನ್ನು ನಮ್ಮ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಕೋಣೆಗೆ ಕರೆದೊಯ್ಯುತ್ತಿದ್ದರು. ಬೀರುವಿನ ಮೇಲಿದ್ದ ತಗಡಿನ ಪೆಟ್ಟಿಗೆ ಕೆಳಗಿಳಿಯುತ್ತಿತ್ತು. ಅದರಲ್ಲಿ ಒಂದಿಷ್ಟು ಹತ್ತಿ, ತುಕ್ಕು ಹಿಡಿದ ಕತ್ತರಿ, ಕಂದು ಬಣ್ಣದ ಟಿಂಚರ್ ಅಯೋಡಿನ್ ಸೀಸೆ. ಹತ್ತಿಯನ್ನು ಅದರಲ್ಲಿ ಅದ್ದಿ ಗಾಯಕ್ಕೆ ಮುಟ್ಟಿಸಿದೊಡನೆ ಪ್ರಾಣವೇ ಹೋದಂತಾಗುತ್ತಿತ್ತು. 'ಉರೀತಾ ಇದೆಯೇನೋ? ಹಾಗಾದ್ರೆ ಔಷಧಿ ಕೆಲಸ ಮಾಡ್ತಾ ಇದೆ, ಸುಮ್ನಿರು' ಎಂಬುದು ಮೇಷ್ಟ್ರ ಸಮಾಧಾನ.

ಮನೆಗೆ ಬಂದರೆ ಅಜ್ಜಿಯದು ಬೇರೆಯೇ ಪಂಥ. ಅವಳು ಬಾವಿಯ ನೀರಿನಲ್ಲಿ ಗಾಯ ತೊಳೆದು, ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಮೆತ್ತುತ್ತಿದ್ದಳು. ಅದು ಉರಿಯುತ್ತಿರಲಿಲ್ಲ. ಪೇಟೆಯ ಕಾಂಪೌಂಡರ್ ಇವೆರಡನ್ನೂ ಒಪ್ಪುತ್ತಿರಲಿಲ್ಲ. ಅವರ ನಂಬಿಕೆಯೆಲ್ಲ ಸಿಬಜೋಲ್ ಪುಡಿಯ ಮೇಲೆ. 'ನೀರು ತಾಗಿಸಬೇಡಿ, ಗಾಳಿಗೆ ಬಿಡಿ, ಒಣಗಲಿ' ಎಂದು ಎಚ್ಚರಿಸಿ ಕಳಿಸುತ್ತಿದ್ದರು. ಮೂರರಲ್ಲಿ ಯಾವುದನ್ನು ಹಚ್ಚಿದರೂ ವಾರ ಹತ್ತು ದಿನದಲ್ಲಿ ಮಂಡಿ ಸರಿಹೋಗುತ್ತಿತ್ತು. ಹಾಗಾಗಿ ಮೂವರೂ ತಮ್ಮದೇ ಗೆದ್ದಿತೆಂದು ನಂಬಿಕೊಂಡಿದ್ದರು.

ಗಾಯದ ಔಷಧಗಳನ್ನು ಹೋಲಿಸುವುದರಲ್ಲಿರುವ ತೊಡಕೆಲ್ಲ ಇಲ್ಲೇ ಇದೆ. ಆರೋಗ್ಯವಂತನ ಮೇಲುಮೇಲಿನ ಗಾಯ ತಾನಾಗಿಯೇ ಮಾಯುತ್ತದೆ. ಬೂದಿ ಹಚ್ಚಿದವನೂ, ಕಾಫಿಪುಡಿ ಒತ್ತಿದವನೂ, ಸುಣ್ಣ ಬಳಿದವನೂ ಬದುಕಿ ಉಳಿದು ತನ್ನ ಔಷಧದ ಗುಣಗಾನ ಮಾಡುತ್ತಾನೆ. ಆದ್ದರಿಂದ 'ಹಚ್ಚಿದೆ, ವಾಸಿಯಾಯಿತು' ಎಂಬುದು ಸಾಕ್ಷಿಯಲ್ಲ. ಯಾವುದು ಬೇಗ ಮಾಯಿಸಿತು, ಯಾವುದು ಕೀವಾಗದಂತೆ ತಡೆಯಿತು, ಯಾವುದು ಕಲೆ ಉಳಿಸಲಿಲ್ಲ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹಾಗೆ ನೋಡುವ ಬುದ್ಧಿ ವೈದ್ಯಲೋಕಕ್ಕೆ ಬಂದದ್ದು ತೀರ ತಡವಾಗಿ.

ಉರಿದರೇನೇ ಔಷಧ ಎಂಬ ನಂಬಿಕೆ ಮಾತ್ರ ಬಹಳ ಹಳೆಯದು. ಕಾದ ಕಬ್ಬಿಣದಿಂದ ಬರೆ ಎಳೆಯುವುದು ಎಷ್ಟೋ ನಾಡುಗಳಲ್ಲಿ ಚಿಕಿತ್ಸೆಯೇ ಆಗಿತ್ತು. 'ಗಾಯದ ಮೇಲೆ ಬರೆ' ಎಂದು ನಾವು ಇಂದು ಗೊಣಗುವಾಗ ಅದು ನೆನಪಿಗೆ ಬರುವುದಿಲ್ಲ ಅಷ್ಟೆ. ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುತ್ತಿದ್ದರು. ಮದ್ದಿನ ಪುಡಿಯಿಂದ ಗಾಯಕ್ಕೆ ವಿಷವೇರುತ್ತದೆ, ಅದನ್ನು ಸುಟ್ಟೇ ಕಳೆಯಬೇಕು ಎಂಬುದು ಅಂದಿನ ಶಾಸ್ತ್ರ. 1537ರ ಸುಮಾರಿಗೆ ಫ್ರೆಂಚ್ ಸೇನೆಯೊಂದಿಗೆ ಇಟಲಿಯ ಟ್ಯೂರಿನ್ ಕಡೆಗೆ ಹೋಗಿದ್ದ ಆಂಬ್ರೋಸ್ ಪಾರೆ ಎಂಬ ತರುಣ ಶಸ್ತ್ರವೈದ್ಯನಿಗೆ ಒಂದು ದಿನ ಎಣ್ಣೆ ಮುಗಿದುಹೋಯಿತು. ಬೇರೆ ದಾರಿ ಕಾಣದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಉಳಿದವರಿಗೆ ಹಚ್ಚಿದ. ಎಣ್ಣೆ ಕಾಣದ ಸೈನಿಕರು ಸತ್ತೇ ಹೋಗುತ್ತಾರೆಂಬ ಭಯದಲ್ಲಿ ರಾತ್ರಿಯೆಲ್ಲ ಅವನಿಗೆ ನಿದ್ದೆಯಿಲ್ಲ. ನಸುಕಿನಲ್ಲೇ ಎದ್ದು ಹೋಗಿ ನೋಡಿದರೆ, ಲೇಪ ಹಚ್ಚಿಸಿಕೊಂಡವರು ಹೆಚ್ಚು ನೋವಿಲ್ಲದೆ ಮಲಗಿದ್ದರು. ಕುದಿಯುವ ಎಣ್ಣೆ ಬಿದ್ದವರು ಜ್ವರ ಬಂದು, ಗಾಯದ ಸುತ್ತ ಊತವೇರಿ ನರಳುತ್ತಿದ್ದರು. ಪಾರೆ ಇದನ್ನು 1545ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಎಣ್ಣೆ ಮುಗಿದದ್ದರಿಂದ ನಡೆದುಹೋದ ಈ ಪರೀಕ್ಷೆ, ಎರಡು ಚಿಕಿತ್ಸೆಗಳನ್ನು ಪಕ್ಕಪಕ್ಕದಲ್ಲಿ ನೋಡಿದ ಹಳೆಯ ದಾಖಲೆಗಳಲ್ಲಿ ಒಂದು.

ಇನ್ನೂ ಹಿಂದಕ್ಕೆ ಹೋದರೆ ಉರಿಸದ ಔಷಧಗಳೇ ಹೆಚ್ಚು ಸಿಗುತ್ತವೆ ಎಂಬುದು ಸೋಜಿಗ. ಕ್ರಿ.ಪೂ. 1600ರ ಸುಮಾರಿನ ಈಜಿಪ್ಟಿನ ಪಪೈರಸ್ ಸುರುಳಿಯೊಂದರಲ್ಲಿ ಗಾಯಕ್ಕೆ ಜೇನು, ಕೊಬ್ಬು ಮತ್ತು ನಾರಿನ ಪಟ್ಟಿ ಹೇಳಿದೆ. ನಮ್ಮ ಸುಶ್ರುತ ಸಂಹಿತೆ ವ್ರಣಕ್ಕೆ 60 ಉಪಕ್ರಮಗಳನ್ನು ಎಣಿಸುತ್ತದೆ. ಕಷಾಯದಲ್ಲಿ ತೊಳೆಯುವುದು, ತುಪ್ಪ, ತೈಲ, ಜೇನು, ಪಟ್ಟಿ ಕಟ್ಟುವುದು ಎಲ್ಲವೂ ಅದರಲ್ಲಿವೆ. ಗಾಯಾಳು ಮಲಗುವ ಕೋಣೆಗೆ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಹೊಗೆ ಹಾಕಬೇಕೆಂದೂ ಹೇಳಿದೆ. ಅದನ್ನು ಓದಿ ಸುಶ್ರುತನಿಗೆ ಸೂಕ್ಷ್ಮಾಣು ಗೊತ್ತಿತ್ತು ಎಂದು ಎದೆಯುಬ್ಬಿಸಬೇಕಾಗಿಲ್ಲ. ಗ್ರಂಥ ಅದನ್ನು ಹೇಳುವುದು ಗಾಯಾಳುವನ್ನು ಪೀಡಿಸುವ ರಾಕ್ಷಸರನ್ನು ದೂರವಿಡಲು. ಕಾರಣ ಏನೇ ಇರಲಿ, ಗಾಯಾಳುವಿನ ಕೋಣೆ ಶುಚಿಯಾಗಿರಬೇಕು ಎಂಬ ಅನುಭವ ಅವರಿಗಿತ್ತು.

ಸೂಕ್ಷ್ಮಾಣುವಿನ ಕಥೆ ಆರಂಭವಾಗುವುದು ಗ್ಲಾಸ್ಗೋದಲ್ಲಿ. 1865ರ ಆಗಸ್ಟ್ 12ರಂದು ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದು, ಚರ್ಮವೂ ಸೀಳಿದ್ದ 11 ವರ್ಷದ ಹುಡುಗನನ್ನು ಜೋಸೆಫ್ ಲಿಸ್ಟರ್ ಬಳಿಗೆ ತಂದರು. ಅಂಥ ಗಾಯಕ್ಕೆ ನಂಜೇರುವುದು ಅಂದು ಸಾಮಾನ್ಯ. ಕಾಲು ಕತ್ತರಿಸುವುದೇ ಮಾರ್ಗವಾಗಿತ್ತು. ಲೂಯಿ ಪಾಶ್ಚರ್‌ನ ಬರಹಗಳನ್ನು ಓದಿಕೊಂಡಿದ್ದ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯಕ್ಕೆ ಕಟ್ಟಿದ. ಕೀವಾಗಲಿಲ್ಲ, ಹುಡುಗ ಎರಡು ಕಾಲಲ್ಲಿ ನಡೆದು ಮನೆಗೆ ಹೋದ. 1867ರಲ್ಲಿ ಲಿಸ್ಟರ್ ಇದನ್ನೆಲ್ಲ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಅಲ್ಲಿಂದ ಮುಂದೆ ಗಾಯವೆಂದರೆ ಕ್ರಿಮಿಗಳ ರಣರಂಗ, ಔಷಧವೆಂದರೆ ಕ್ರಿಮಿ ಕೊಲ್ಲುವ ಆಯುಧ ಎಂಬ ಚಿತ್ರ ಗಟ್ಟಿಯಾಯಿತು. 1811ರಲ್ಲಿ ಕಡಲಪಾಚಿಯ ಬೂದಿಯಿಂದ ದೊರಕಿದ್ದ ಅಯೋಡಿನ್, ಆಲ್ಕೋಹಾಲಿನಲ್ಲಿ ಕರಗಿ ಟಿಂಚರ್ ಆಗಿ ಮನೆಮನೆಗೆ ಬಂತು. 1919ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಿಂದ ಪಾದರಸ ಬೆರೆತ ಕೆಂಪು ಮರ್ಕ್ಯುರೋಕ್ರೋಮ್ ಬಂತು. ಉರಿ ಕಡಿಮೆ, ಬಣ್ಣ ಜಾಸ್ತಿ. ಜೆನ್ಷಿಯನ್ ವಯಲೆಟ್ ಎಂಬ ನೇರಳೆ ದ್ರವವೂ ಬಂತು. ಬಣ್ಣ ಕಂಡರೆ ಔಷಧ ಹಚ್ಚಿದ ತೃಪ್ತಿ ನಮ್ಮ ಜನಕ್ಕೆ, ಅರಿಶಿನದ ನಾಡಿನಲ್ಲಿ ಅದು ಸಹಜವೇ. ಪಾದರಸದ ಕಾರಣಕ್ಕೆ 1998ರಲ್ಲಿ ಅಮೆರಿಕದ ಔಷಧ ಆಡಳಿತ ಮರ್ಕ್ಯುರೋಕ್ರೋಮ್ ಅನ್ನು ಸುರಕ್ಷಿತ ಮತ್ತು ಪರಿಣಾಮಕಾರಿ ಔಷಧಗಳ ಪಟ್ಟಿಯಿಂದ ಹೊರಗಿಟ್ಟಿತು.

ಕ್ರಿಮಿ ಕೊಲ್ಲುವ ಔಷಧ ಗಾಯಾಳುವಿನ ಸ್ವಂತ ಜೀವಕೋಶಗಳನ್ನೂ ಕೊಲ್ಲುವುದಿಲ್ಲವೇ? ಈ ಪ್ರಶ್ನೆಯನ್ನು ನೇರವಾಗಿ ಕೇಳಿದವರಲ್ಲಿ ಒಬ್ಬ, ಮುಂದೆ ಪೆನ್ಸಿಲಿನ್‌ನಿಂದ ಹೆಸರಾದ ಅಲೆಕ್ಸಾಂಡರ್ ಫ್ಲೆಮಿಂಗ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಬೂಲೋನ್ ಪಟ್ಟಣದ ಸೇನಾ ಆಸ್ಪತ್ರೆಯಲ್ಲಿದ್ದ ಅವನು, ಗಾಜಿನ ನಳಿಕೆಯನ್ನು ಕಾಯಿಸಿ ಅದರ ಗೋಡೆಯಿಂದ ಮುಳ್ಳಿನಂಥ ಚೂಪು ಕೊಳವೆಗಳನ್ನು ಎಳೆದು ಕೃತಕ ಗಾಯವನ್ನೇ ತಯಾರಿಸಿದ. ಅದರೊಳಗೆ ಕ್ರಿಮಿ ಬೆಳೆಸಿ, ಬಲವಾದ ಕ್ರಿಮಿನಾಶಕದಿಂದ ತೊಳೆದ. ಸಂದಿಗೊಂದಿಗಳಲ್ಲಿ ಅಡಗಿದ ಕ್ರಿಮಿ ಉಳಿದೇ ಇತ್ತು. ಅತ್ತ ಕ್ರಿಮಿಗಳನ್ನು ನುಂಗಬೇಕಾದ ಬಿಳಿ ರಕ್ತಕಣಗಳು ಕ್ರಿಮಿನಾಶಕ ತಾಗಿದರೆ ಬೇಗ ಸಾಯುತ್ತವೆ ಎಂಬುದನ್ನೂ ಅವನು ತೋರಿಸಿದ. ಕಾವಲುಗಾರನನ್ನೇ ಹೊಡೆದು ಕಳ್ಳನನ್ನು ಉಳಿಸಿದಂತೆ. 1985ರಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಹೈಡ್ರೋಜನ್ ಪೆರಾಕ್ಸೈಡ್, ಪೊವಿಡೋನ್ ಅಯೋಡಿನ್ ಮೊದಲಾದವನ್ನು ಸಾಮಾನ್ಯ ಬಳಕೆಯ ಸಾಂದ್ರತೆಯಲ್ಲಿ ಪರೀಕ್ಷಿಸಿದಾಗಲೂ, ಗಾಯ ಕೂಡಿಸುವ ಜೀವಕೋಶಗಳಿಗೆ ಅವು ಮಾರಕವೆಂದೇ ಕಂಡವು. ಗಾಜಿನ ತಟ್ಟೆಯಲ್ಲಿ ಕಂಡದ್ದೆಲ್ಲ ಮೈಮೇಲೆ ಅಷ್ಟೇ ನಿಜವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ ಪೊವಿಡೋನ್ ಅಯೋಡಿನ್ ಇಂದಿಗೂ ಆಸ್ಪತ್ರೆಗಳಲ್ಲಿದೆ. 1950ರ ದಶಕದಲ್ಲಿ ಬಂದ ಈ ಔಷಧದಲ್ಲಿ ಅಯೋಡಿನ್ ಒಂದು ಪಾಲಿಮರಿಗೆ ಅಂಟಿಕೊಂಡಿದ್ದು ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುತ್ತದೆ. ಆಲ್ಕೋಹಾಲ್ ಇಲ್ಲವಾದ್ದರಿಂದ ಟಿಂಚರ್‌ನಂತೆ ಉರಿಯುವುದಿಲ್ಲ. ಮಣ್ಣು ಮೆತ್ತಿದ ಗಾಯಕ್ಕೆ ಒಮ್ಮೆ ಹಚ್ಚುವುದು ಸರಿಯೇ. ವಾರಗಟ್ಟಲೆ ದಿನಕ್ಕೆ ಮೂರು ಬಾರಿ ಬಳಿಯುವುದಕ್ಕೆ ಅರ್ಥವಿಲ್ಲ. ಪೆರಾಕ್ಸೈಡಿನ ನೊರೆಯಂತೂ ಕ್ರಿಮಿ ಸಾಯುವ ಗುರುತಲ್ಲ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಸದ್ದು ಅದು.

ಈಗ ನಮ್ಮ ಕಾಂಪೌಂಡರ್ ಮಾತಿಗೆ ಬರೋಣ. 'ಒಣಗಲಿ' ಎಂಬುದು ಅವರೊಬ್ಬರ ಮಾತಲ್ಲ. 'ಗಾಯ ಒಣಗಿತೇ?' ಎಂದೇ ನಾವೆಲ್ಲ ಕೇಳುವುದು. ಹಕ್ಕಳೆ ಕಟ್ಟಿದರೆ ವಾಸಿಯಾಗುತ್ತಿದೆ ಎಂದು ಲೆಕ್ಕ. ಆದರೆ ಕನ್ನಡದಲ್ಲಿ 'ಮಾಯು' ಎಂಬ ಇನ್ನೊಂದು ಮಾತೂ ಇದೆ. ಒಣಗುವುದೂ ಮಾಯುವುದೂ ಒಂದೇ ಅಲ್ಲ ಎಂದು ತೋರಿಸಿದವನು ಇಂಗ್ಲೆಂಡಿನ ಜಾರ್ಜ್ ವಿಂಟರ್. ಅವನು ಎಳೆ ಹಂದಿಗಳ ಬೆನ್ನಿನ ಮೇಲೆ ಮೇಲುಮೇಲಿನ ಸಣ್ಣ ಗಾಯಗಳನ್ನು ಮಾಡಿದ. ಕೆಲವನ್ನು ಗಾಳಿಗೆ ಬಿಟ್ಟ, ಕೆಲವನ್ನು ತೆಳುವಾದ ಪಾಲಿಥಿನ್ ಹಾಳೆಯಿಂದ ಮುಚ್ಚಿದ. ಮುಚ್ಚಿದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡರಷ್ಟು ವೇಗವಾಗಿ ಹರಡಿತು. 1962ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮರುವರ್ಷವೇ ಅಮೆರಿಕದಲ್ಲಿ ಮನುಷ್ಯರ ಮೇಲೆ ಮಾಡಿದ ಪರೀಕ್ಷೆಯಲ್ಲೂ ಒದ್ದೆಯಾಗಿಟ್ಟ ಗಾಯವೇ ಮುಂದಿತ್ತು.

ಕಾರಣ ಸರಳವಾಗಿದೆ. ತರಚು ಗಾಯದಲ್ಲಿ ಹೋಗುವುದು ಚರ್ಮದ ಮೇಲ್ಪದರ ಮಾತ್ರ. ಗಾಯದ ಅಂಚಿನಲ್ಲೂ, ಒಳಗೆ ಉಳಿದ ಕೂದಲಿನ ಬುಡ, ಬೆವರಿನ ಗ್ರಂಥಿಗಳಲ್ಲೂ ಇರುವ ಜೀವಕೋಶಗಳು ಹೊಸ ಪದರ ಹಾಸಲು ತೆವಳಿಕೊಂಡು ಹೊರಡುತ್ತವೆ. ತೇವವಿದ್ದರೆ ಅವುಗಳ ದಾರಿ ಸಲೀಸು. ಒಣಗಿ ಹಕ್ಕಳೆ ಕಟ್ಟಿದರೆ, ಆ ಗಟ್ಟಿ ಪದರದ ಅಡಿಗೆ ನುಸುಳಿ, ಅದನ್ನು ಅಂಟಿಸಿಕೊಂಡ ಭಾಗವನ್ನು ಕರಗಿಸುತ್ತ ಸಾಗಬೇಕು. ನಾಟಿ ಮಾಡುವವನಿಗೆ ಕೆಸರು ಗದ್ದೆ ಬೇಕು, ಬಿರಿದ ನೆಲವಲ್ಲ. ತೇವವೆಂದರೆ ನೀರಲ್ಲಿ ನೆನೆಸಿಡುವುದಲ್ಲ, ಗಾಯ ತಾನೇ ಸ್ರವಿಸುವ ದ್ರವ ಆರಿಹೋಗದಂತೆ ಕಾಯುವುದು ಅಷ್ಟೆ. ಈ ಲೆಕ್ಕದಲ್ಲಿ ಎಣ್ಣೆ ಹಚ್ಚಿದ ಅಜ್ಜಿ, ಪುಡಿ ಉದುರಿಸಿದ ಕಾಂಪೌಂಡರ್‌ಗಿಂತ ಮುಂದಿದ್ದಳು.

ಅಜ್ಜಿಯ ಅರಿಶಿನಕ್ಕೆ ಮಾತ್ರ ಅಂಥ ಸುಲಭ ಜಯ ಸಿಗುವುದಿಲ್ಲ. 1995ರ ಮಾರ್ಚ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಿಸಲು ಅರಿಶಿನ ಬಳಸುವುದರ ಮೇಲೆ ಪೇಟೆಂಟ್ ದೊರೆತದ್ದು ಹಳೆಯ ಓದುಗರಿಗೆ ನೆನಪಿರಬಹುದು. ಅದನ್ನು ಪಡೆದ ಸಂಶೋಧಕರು ಭಾರತೀಯ ಮೂಲದವರೇ. ಆರ್.ಎ. ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ಸಿಎಸ್‌ಐಆರ್ ಇದನ್ನು ಪ್ರಶ್ನಿಸಿತು. ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳೂ ಸೇರಿ 32 ಆಧಾರಗಳನ್ನು ಮುಂದಿಟ್ಟಿತು. 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಲೇಖನವೂ ಅವುಗಳಲ್ಲೊಂದು. 1997ರಲ್ಲಿ ಪೇಟೆಂಟ್ ರದ್ದಾಯಿತು, ದೇಶವೆಲ್ಲ ಸಂಭ್ರಮಿಸಿತು. ಸಂಭ್ರಮಿಸಿದ್ದು ಸರಿಯೇ. ಆದರೆ ಅಲ್ಲಿ ಸಾಬೀತಾದದ್ದು ಇದು ಹಳೆಯ ವಿದ್ಯೆ ಎಂಬುದು ಮಾತ್ರ. ಈ ವಿದ್ಯೆ ಎಷ್ಟರಮಟ್ಟಿಗೆ ಫಲ ಕೊಡುತ್ತದೆ ಎಂಬುದನ್ನು ಪೇಟೆಂಟ್ ಕಚೇರಿ ತೀರ್ಮಾನಿಸಲಿಲ್ಲ, ಅದು ಅದರ ಕೆಲಸವೂ ಅಲ್ಲ. ಅರಿಶಿನದಲ್ಲಿರುವ ಕುರ್ಕ್ಯುಮಿನ್ ಊತ ತಗ್ಗಿಸುತ್ತದೆ, ಕೆಲವು ಕ್ರಿಮಿಗಳನ್ನು ತಡೆಯುತ್ತದೆ ಎಂದು ಪ್ರಯೋಗಾಲಯಗಳು ತೋರಿಸಿವೆ. ಆದರೆ ಅಂಗಡಿಯ ಪೊಟ್ಟಣದ ಪುಡಿಯಲ್ಲಿ ಅದು ಇರುವುದು ಅಲ್ಪಸ್ವಲ್ಪ. ಆ ಪುಡಿ ಕ್ರಿಮಿಶುದ್ಧವೂ ಅಲ್ಲ. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವ ದಗಾಕೋರರೂ ಇದ್ದಾರೆ. ಅಜ್ಜಿ ತಾನೇ ಕುಟ್ಟಿದ ಕೊಂಬಿನ ಮಾತು ಬೇರೆ, ಇಂದಿನ ಪೊಟ್ಟಣದ ಮಾತು ಬೇರೆ.

ಮನೆಮದ್ದುಗಳಲ್ಲಿ ಪರೀಕ್ಷೆಗೆ ನಿಂತು ಗೆದ್ದದ್ದು ಜೇನು. ಅದರಲ್ಲೂ ನಮ್ಮ ಗಡಿಯಾಚೆ, ಕನ್ನಡಿಗರೂ ಸಾಕಷ್ಟಿರುವ ಸೊಲ್ಲಾಪುರಕ್ಕೆ ಈ ಕಥೆಯಲ್ಲಿ ದೊಡ್ಡ ಪಾತ್ರ. ಅಲ್ಲಿನ ವೈದ್ಯಕೀಯ ಕಾಲೇಜಿನ ಎಂ. ಸುಬ್ರಹ್ಮಣ್ಯಂ ಅವರು ಸುಟ್ಟ ಗಾಯದ 104 ರೋಗಿಗಳನ್ನು ತೆಗೆದುಕೊಂಡು ಅರ್ಧದಷ್ಟು ಜನಕ್ಕೆ ಜೇನು, ಉಳಿದವರಿಗೆ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದ್ದ ಬೆಳ್ಳಿಯ ಸಲ್ಫಾ ಮುಲಾಮು ಹಚ್ಚಿದರು. 15 ದಿನದೊಳಗೆ ಜೇನಿನವರ ಗಾಯಗಳಲ್ಲಿ ಶೇಕಡಾ 87 ಮಾದಿದ್ದವು, ಮುಲಾಮಿನವರಲ್ಲಿ ಶೇಕಡಾ 10. 1991ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಅಷ್ಟು ದೊಡ್ಡ ಅಂತರವನ್ನು ನಂಬಲು ಹಿಂಜರಿದವರಿದ್ದರು, ಹಿಂಜರಿಯುವುದು ತಪ್ಪೂ ಅಲ್ಲ. ಆದರೆ 2015ರಲ್ಲಿ ಕಾಕ್ರೇನ್ ಸಂಸ್ಥೆ ಜಗತ್ತಿನ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಹೆಚ್ಚು ಆಳವಲ್ಲದ ಸುಟ್ಟ ಗಾಯಗಳು ಸಾಮಾನ್ಯ ಪಟ್ಟಿಗಿಂತ ಜೇನಿನಲ್ಲಿ ನಾಲ್ಕೈದು ದಿನ ಮೊದಲೇ ಮಾಯುತ್ತವೆ ಎಂಬುದು ಕಂಡಿತು. ಜೇನಿನ ದಟ್ಟ ಸಕ್ಕರೆ ಕ್ರಿಮಿಗಳ ನೀರನ್ನು ಹೀರಿಬಿಡುತ್ತದೆ. ಅದು ಸ್ವಲ್ಪ ಹುಳಿ. ಜೇನುನೊಣ ಸೇರಿಸುವ ಒಂದು ಕಿಣ್ವ ಪೆರಾಕ್ಸೈಡನ್ನು, ಸೀಸೆಯಿಂದ ಸುರಿದಂತಲ್ಲ, ತೊಟ್ಟುತೊಟ್ಟಾಗಿ ಉತ್ಪತ್ತಿ ಮಾಡುತ್ತದೆ. ಮೇಲಾಗಿ ಅದು ಗಾಯವನ್ನು ಒಣಗಲು ಬಿಡುವುದಿಲ್ಲ. ಆಸ್ಪತ್ರೆಯ ಜೇನನ್ನು ಗಾಮಾ ಕಿರಣದಿಂದ ಶುದ್ಧಿ ಮಾಡಿರುತ್ತಾರೆ. ಬೆಲ್ಲದ ಪಾಕ ಬೆರೆಸಿದ ಸಂತೆಯ ಜೇನಿಗೆ ಈ ಮಾತು ಅನ್ವಯಿಸದು.

ಇನ್ನು ಔಷಧ ಅಂಗಡಿಯ ಟ್ಯೂಬುಗಳು. ಆಂಟಿಬಯಾಟಿಕ್ ಮುಲಾಮು ಹಚ್ಚದಿದ್ದರೆ ಗಾಯಕ್ಕೆ ನಂಜಾಗುತ್ತದೆ ಎಂಬ ಭಯ ನಮ್ಮಲ್ಲಿ ಬಲವಾಗಿದೆ. 1996ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪರೀಕ್ಷೆ ಇದನ್ನು ಅಲುಗಾಡಿಸಿತು. ಚರ್ಮದ ಸಣ್ಣ ಶಸ್ತ್ರಕ್ರಿಯೆಯಾದ 900ಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಬ್ಯಾಸಿಟ್ರಾಸಿನ್ ಮುಲಾಮು, ಕೆಲವರಿಗೆ ಬರಿಯ ಬಿಳಿ ಪೆಟ್ರೋಲಿಯಂ ಜೆಲ್ಲಿ. ನಂಜಾದವರು ಎರಡೂ ಗುಂಪಿನಲ್ಲಿ ಬೆರಳೆಣಿಕೆಯಷ್ಟು. ಜೆಲ್ಲಿಯವರಲ್ಲಿ ಶೇಕಡಾ 2, ಮುಲಾಮಿನವರಲ್ಲಿ ಶೇಕಡಾ 0.9, ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವಲ್ಲ. ಮುಲಾಮು ಹಚ್ಚಿಸಿಕೊಂಡ ನಾಲ್ವರಿಗೆ ಅಲರ್ಜಿಯಾಯಿತು, ಜೆಲ್ಲಿಯಿಂದ ಯಾರಿಗೂ ಆಗಲಿಲ್ಲ. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ನಿಯೋಮೈಸಿನ್ ಕೂಡ ಅಲರ್ಜಿಗೆ ಹೆಸರಾದದ್ದೇ. ಕೆಂಪಾಗಿ ತುರಿಸುವ ಆ ಅಲರ್ಜಿಯನ್ನೇ ನಂಜೆಂದು ತಿಳಿದು ಇನ್ನಷ್ಟು ಹಚ್ಚುವವರುಂಟು. ಇದಕ್ಕಿಂತ ಕೆಟ್ಟದ್ದು, ಚರ್ಮದ ಎಲ್ಲ ತೊಂದರೆಗೂ ಒಂದೇ ಎಂದು ಮಾರುವ ಸ್ಟೀರಾಯ್ಡ್ ಬೆರೆತ ಮುಲಾಮುಗಳು. ಸ್ಟೀರಾಯ್ಡ್ ಗಾಯ ಮಾಯುವುದನ್ನೇ ನಿಧಾನಗೊಳಿಸುತ್ತದೆ.

ಪೆಟ್ರೋಲಿಯಂ ಜೆಲ್ಲಿಯ ಹುಟ್ಟು ಕೂಡ ಸ್ವಾರಸ್ಯವಾಗಿದೆ. 1859ರಲ್ಲಿ ಅಮೆರಿಕದ ಟೈಟಸ್‌ವಿಲ್ ಎಂಬಲ್ಲಿ ನೆಲದಿಂದ ತೈಲ ಬಂದಾಗ, ರಾಬರ್ಟ್ ಚೆಸ್‌ಬ್ರೋ ಎಂಬ ತರುಣ ರಸಾಯನಜ್ಞ ನೋಡಲು ಹೋದ. ಕೊಳವೆಗಳಿಗೆ ಕಟ್ಟಿಕೊಳ್ಳುತ್ತಿದ್ದ ಮೇಣದಂಥ ಜಿಡ್ಡನ್ನು ಕೆಲಸಗಾರರು ಶಪಿಸುತ್ತ ಕೆರೆದು ತೆಗೆಯುತ್ತಿದ್ದರು, ಆದರೆ ಕೈ ಕೊಯ್ದಾಗ ಅದನ್ನೇ ಬಳಿದುಕೊಳ್ಳುತ್ತಿದ್ದರು. ಅದನ್ನು ಶುದ್ಧಿ ಮಾಡಿ 1872ರಲ್ಲಿ ಪೇಟೆಂಟ್ ಪಡೆದು ವ್ಯಾಸಲೀನ್ ಎಂದು ಹೆಸರಿಟ್ಟ. ಅದರಲ್ಲಿ ಯಾವ ಔಷಧವೂ ಇಲ್ಲ. ತೇವವನ್ನು ಹಿಡಿದಿಡುತ್ತದೆ, ಪಟ್ಟಿ ಅಂಟದಂತೆ ನೋಡಿಕೊಳ್ಳುತ್ತದೆ. ಅಷ್ಟೇ ಸಾಕಾಗಿತ್ತು ಎಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಹಾಗಾದರೆ ತರಚು ಗಾಯಕ್ಕೆ ಮಾಡಬೇಕಾದದ್ದೇನು? ಮೊದಲು ಕೈ ತೊಳೆದುಕೊಂಡು, ಕುಡಿಯಲು ಯೋಗ್ಯವಾದ ನೀರನ್ನು ಧಾರಾಳವಾಗಿ ಸುರಿದು ಗಾಯ ತೊಳೆಯುವುದು. ಕಾಯಿಸಿ ಆರಿಸಿದ ನೀರಾದರೆ ಇನ್ನೂ ಒಳ್ಳೆಯದು. ಶುದ್ಧವಾದ ನಲ್ಲಿ ನೀರಿನಿಂದ ತೊಳೆದರೆ ಆಸ್ಪತ್ರೆಯ ಉಪ್ಪುನೀರಿಗಿಂತ ಹೆಚ್ಚು ನಂಜಾಗುವುದಿಲ್ಲ ಎಂಬುದನ್ನೂ ಪರೀಕ್ಷಿಸಿ ನೋಡಿದ್ದಾರೆ. ಮಣ್ಣು, ಮರಳು ಉಳಿಯಬಾರದು. ಮೇಲೆ ತೆಳುವಾಗಿ ಜೆಲ್ಲಿ, ಅದರ ಮೇಲೆ ಶುಭ್ರವಾದ ಪಟ್ಟಿ, ದಿನಕ್ಕೊಮ್ಮೆ ಬದಲಾವಣೆ. ಬಿಸಿ ತಾಗಿ ಸುಟ್ಟಿದ್ದರೆ ಟೂತ್‌ಪೇಸ್ಟು, ಶಾಯಿ, ದೋಸೆ ಹಿಟ್ಟು ಯಾವುದೂ ಬೇಡ. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು.

ನಾಯಿ ಕಡಿತವನ್ನು ಈ ಸಾಲಿಗೆ ಸೇರಿಸಬಾರದು. ಹಲ್ಲು ತರಚಿದ ಗುರುತಷ್ಟೇ ಇದ್ದರೂ ಅದು ಮೇಲುಮೇಲಿನ ಗಾಯವಲ್ಲ. ಮೆಣಸಿನಪುಡಿ, ಸುಣ್ಣ ಮೆತ್ತುವ ರೂಢಿ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆಯಬೇಕು. ರೇಬಿಸ್ ವೈರಸ್ಸಿನ ಕೊಬ್ಬಿನ ಹೊದಿಕೆಯನ್ನು ಸೋಪು ಕರಗಿಸುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ, ಅದೇ ದಿನ ಲಸಿಕೆಗೆ ಹೋಗಬೇಕು. ತುಕ್ಕು, ಸಗಣಿ, ಗೊಬ್ಬರ ತಾಗಿದ ಗಾಯಕ್ಕೂ ಮುಲಾಮಿನಿಂದ ಧನುರ್ವಾಯು ತಪ್ಪುವುದಿಲ್ಲ, ಚುಚ್ಚುಮದ್ದೇ ಬೇಕು. ಹಸುಗೂಸಿನ ಹೊಕ್ಕುಳಿಗೆ ಸಗಣಿಯ ಬೂದಿ ಹಚ್ಚಿ ಮಕ್ಕಳನ್ನು ಕಳೆದುಕೊಳ್ಳುತ್ತಿದ್ದ ದೇಶ ನಮ್ಮದು. ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿದ್ದು 2015ರಲ್ಲಿ. ಗರ್ಭಿಣಿಯರಿಗೆ ಕೊಟ್ಟ ಚುಚ್ಚುಮದ್ದು ಮತ್ತು ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು ಇದಕ್ಕೆ ಮುಖ್ಯ ಕಾರಣಗಳು.

ಸಕ್ಕರೆ ಕಾಯಿಲೆಯವರ ಕಾಲಿನ ಗಾಯವೂ ಹಾಗೆಯೇ. ನಮ್ಮ ಚಿಕ್ಕಮ್ಮನಿಗೆ ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳ ಪಕ್ಕ ಕಡಲೆಕಾಳಿನಷ್ಟು ಗಾಯವಾಗಿತ್ತು. ನೋವೇ ಇರಲಿಲ್ಲ. ನರಗಳ ಸ್ಪರ್ಶ ಕುಂದಿದ್ದರಿಂದ ನೋವು ಗೊತ್ತಾಗುತ್ತಿಲ್ಲ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಒಂದು ದಿನ ಅರಿಶಿನ, ಒಂದು ದಿನ ಪುಡಿ, ಮತ್ತೊಂದು ದಿನ ಯಾರೋ ಹೇಳಿದ ಎಲೆಯ ರಸ. ಮೇಲೆ ಹಕ್ಕಳೆ ಕಟ್ಟಿತು. 'ಒಣಗಿದೆ ಕಣೋ, ಸುಮ್ನೆ ಡಾಕ್ಟರ ಹತ್ರ ಯಾಕೆ ಕರ್ಕೊಂಡು ಹೋಗ್ತೀಯ' ಎಂದಳು. ನಾನೂ ನೋಡಿ ಒಣಗಿದೆ ಎಂದೇ ಒಪ್ಪಿದೆ. ಐದನೆಯ ವಾರ ಕಾಲು ಊದಿ, ವಾಸನೆ ಬಂದಾಗ ಆಸ್ಪತ್ರೆಗೆ ಒಯ್ದೆವು. ಆ ಹಕ್ಕಳೆಯನ್ನು ತೆಗೆದ ವೈದ್ಯರು ನನ್ನನ್ನು ಹತ್ತಿರ ಕರೆದು ತೋರಿಸಿದರು. ಅಡಿಯಲ್ಲಿ ಕೀವು ಮೂಳೆಯವರೆಗೂ ಇಳಿದಿತ್ತು. ಎರಡು ಬೆರಳು ತೆಗೆಯಬೇಕಾಯಿತು. ಈಗ ದಿನಾ ರಾತ್ರಿ ಮಲಗುವ ಮುನ್ನ ಚಿಕ್ಕಮ್ಮ ಗೋಡೆಗೆ ಒರಗಿಸಿಟ್ಟ ಕನ್ನಡಿಯಲ್ಲಿ ಅಂಗಾಲು ನೋಡಿಕೊಳ್ಳುತ್ತಾಳೆ.